ಎಮ್ಮೆಗೆ ಬೈಯದ ದಿನಗಳು

ನನ್ನ ಬಾಯಿ ಒಳ್ಳೆಯದಲ್ಲ. ಇದನ್ನು ಬೇರೆಯವರು ಹೇಳುವುದಕ್ಕಿಂತ ಮೊದಲು ನಾನೇ ಹೇಳಿಬಿಡುವುದು ಮೇಲು. ಬೇರೆಯವರು ಹೇಳಿದರೆ ನಾನು ಸುಮ್ಮನಿರುವುದಿಲ್ಲ. ಆಗ ಅವರು ಹೇಳಿದ್ದು ನಿಜವೆಂದು ಅಲ್ಲೇ ಸಾಬೀತಾಗಿಬಿಡುತ್ತದೆ. ಕೆಲವು ಹೆಂಗಸರು ಹಾಡುತ್ತ ಕೆಲಸ ಮಾಡುತ್ತಾರೆ. ನಾನು ಬೈಯುತ್ತ ಮಾಡುತ್ತೇನೆ. ಒಲೆ ಹೊಗೆಯಾಡಿದರೆ ಒಲೆಗೆ, ಸೇದುವ ಹಗ್ಗ ಗಂಟುಬಿದ್ದರೆ ಹಗ್ಗಕ್ಕೆ, ರೊಟ್ಟಿ ಹರಿದರೆ ಜೋಳಕ್ಕೆ, ಜೋಳ ಬೆಳೆದ ಹೊಲಕ್ಕೆ, ಹೊಲ ಉತ್ತವರಿಗೆ. ಕೊನೆಯದನ್ನು ಮಾತ್ರ ಸ್ವಲ್ಪ ಸಣ್ಣ ದನಿಯಲ್ಲಿ, ಯಾಕೆಂದರೆ ಉತ್ತವರು ನನ್ನ ಗಂಡ. ಇದರಲ್ಲಿ ಸಿಟ್ಟು ಇರುವುದಿಲ್ಲ. ಒಲೆಯ ಮೇಲೆ ಯಾರಿಗಾದರೂ ಸಿಟ್ಟು ಇರುತ್ತದೆಯೇ? ಮೈಗೆ ಬೆವರು ಬಂದ ಹಾಗೆ ನನ್ನ ಬಾಯಿಗೆ ಬೈಗುಳ ಬರುತ್ತದೆ, ಕೆಲಸ ಮುಗಿದರೆ ಆರುತ್ತದೆ.

ಇಂಥ ನನ್ನ ಮನೆಗೆ ಒಬ್ಬ ಹುಡುಗಿ ಸಂಸ್ಕೃತಿಯನ್ನು ಅಭ್ಯಾಸ ಮಾಡಲು ಬಂದಳು. ಇದು ಎಪ್ಪತ್ತರ ದಶಕದ ಮಾತು. ಆಗ ನನ್ನ ಮಗ ಸಾಲೆಗೆ ಹೋಗುತ್ತಿದ್ದ. ಈಗ ಅವನ ಮಗಳು ಹೋಗುತ್ತಾಳೆ. ಕನಕಗಿರಿಯಿಂದ ಕುಷ್ಟಗಿಯ ಕಡೆ ಹೋಗುವ ಬಸ್ಸನ್ನು ನಡುವೆ ಇಳಿದು, ಹೊಲದ ಹಾದಿ ಹಿಡಿದು ನಡೆದರೆ ನಮ್ಮೂರು. ಗಂಗಾವತಿಯ ಕಡೆ ಕಾಲುವೆ ಬಂದು ಭತ್ತ ಬೆಳೆಯುತ್ತಾರೆ. ನಮ್ಮ ಕಡೆ ಮಳೆ ಬಂದರೆ ಜೋಳ ಬೆಳೆಯುತ್ತದೆ, ಬರದಿದ್ದರೆ ಕಟ್ಟೆಯ ಮೇಲೆ ಮಾತು ಬೆಳೆಯುತ್ತದೆ. ಆದ್ದರಿಂದ ಸಂಸ್ಕೃತಿ ಎನ್ನುವುದು ಏನಾದರೂ ಇದ್ದರೆ ಅದು ಗಂಗಾವತಿಯಲ್ಲಿ ಇರಬೇಕು, ಅವರು ದಿನಾ ಅನ್ನ ಉಣ್ಣುತ್ತಾರೆ, ಬಾಗಿಲಿಗೆ ಬಣ್ಣ ಹಚ್ಚುತ್ತಾರೆ ಎಂದು ನಾನು ತಿಳಿದಿದ್ದೆ.

ನಮ್ಮೂರ ಸಾಲೆಯ ಮಾಸ್ತರರು ಆಕೆಯನ್ನು ಮನೆಗೆ ಕರೆತಂದರು. "ಇವರು ಮೈಸೂರ ಕಡಿಂದ ಬಂದಾರ್ರಿ. ಭಾಳ ಓದ್ಯಾರ. ನಮ್ಮ ಮಂದಿ ಸಂಸ್ಕೃತಿ ಹೆಂಗೈತಿ ಅಂತ ನೋಡಿ ಬರಿತಾರಂತ. ಒಂದಿಷ್ಟು ದಿನ ನಿಮ್ಮ ಮನ್ಯಾಗ ಇರ್ತಾರ," ಎಂದರು.

"ನಮ್ಮ ಮನ್ಯಾಗ ಯಾಕ್ರಿ? ಆಚೆ ಮನಿ ಗಂಗವ್ವಗ ಹೇಳ್ರಿ. ಆಕಿ ಮನ್ಯಾಗ ಗಡಿಯಾರ ಐತಿ," ಎಂದೆ.

"ಗಡಿಯಾರ ನೋಡಾಕ ಬಂದಿಲ್ಲವ್ವ. ನಿಮ್ಮತ್ತಿ ಬೀಸೋ ಪದ ಭಾಳ ಬಲ್ಲರಲ್ಲ, ಅವನ್ನ ಕೇಳಾಕ ಬಂದಾರ."

ಆ ಹುಡುಗಿ ಚಪ್ಪಲಿ ಬಿಡುತ್ತಿರುವಾಗ ನಾನು ಮಾಸ್ತರರನ್ನು ಬದಿಗೆ ಕರೆದು, ಸಂಸ್ಕೃತಿ ಅಂದರೆ ಏನು, ಅದನ್ನು ಎಲ್ಲಿಂದ ತರಬೇಕು ಎಂದು ಕೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅಂದ್ರ... ಛಲೋ ನಡತಿ, ಛಲೋ ಮಾತು. ಹಿರ್ಯಾರಿಂದ ಬಂದದ್ದು," ಎಂದು ಟೋಪಿಯನ್ನು ಮತ್ತೆ ಇಟ್ಟುಕೊಂಡು, "ಹೊರಗಿನವರು ಅದಾರ. ಬಾಯಿ ಸ್ವಲ್ಪ ನೋಡ್ಕೊಂಡು ಇರ್ರಿ," ಎಂದರು. ನಾನು ಎರಡನೇ ಕ್ಲಾಸಿಗೆ ಸಾಲೆ ಬಿಟ್ಟವಳು. ಹಿರಿಯರಿಂದ ನನಗೆ ಬಂದದ್ದು ಒಂದು ಹಿತ್ತಾಳೆ ಕೊಡ, ಒಂದು ಜೊತೆ ಬೀಸುವ ಕಲ್ಲು ಮತ್ತು ನನ್ನ ಅತ್ತೆ. ಆದರೂ ಮಾಸ್ತರರ ಮಾತಿನಲ್ಲಿ ನನಗೆ ತಿಳಿದ ಭಾಗ ಒಂದಿತ್ತು: ಈ ಹುಡುಗಿ ಇರುವತನಕ ನಾನು ಬೈಯಬಾರದು.

ಅವಳ ಹೆಸರು ವಿಮಲಾ. ಸಾಲೆಯ ಟೀಚರಮ್ಮಂದಿರನ್ನು ಕರೆಯುವ ಹಾಗೆ ನಾವೆಲ್ಲ 'ಅಕ್ಕಾರ' ಎಂದೇ ಕರೆದೆವು. ಸಣಕಲು ಮೈ, ದಪ್ಪ ಕನ್ನಡಕ, ಹೆಗಲಿಗೆ ದನಿ ಹಿಡಿಯುವ ಒಂದು ಪೆಟ್ಟಿಗೆ. ಅದಕ್ಕೆ ಟೇಪು ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಬಂದವಳೇ, "ಅಮ್ಮಾ, ನೀವು ದಿನಾ ಹೇಗಿರ್ತೀರೋ ಹಾಗೇ ಇರಿ. ನಾನು ಇಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಿ," ಎಂದಳು. ಹಾಗೆ ಹೇಳಿ ಒಲೆಯ ಎದುರಿಗೇ ಕುಳಿತು ನನ್ನ ಮುಖವನ್ನೇ ನೋಡತೊಡಗಿದಳು. ಇಲ್ಲವೇ ಇಲ್ಲ ಎಂದುಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ. ಆದರೆ ಇಲ್ಲದವರು ಗಳಿಗೆಗೊಮ್ಮೆ ಚಹಾ ಕುಡಿಯುವುದಿಲ್ಲ. ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಗೆ ಕೀಲಿ ಹಾಕಿ, ಕೀಲಿಕೈಯನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪದ್ಧತಿ. ಆಗಲೂ ಇತ್ತು, ಈಗಲೂ ಇದೆ. ರೇಷನ್ನಿನ ಸಕ್ಕರೆ ಬಿಟ್ಟರೆ ಬಿಟ್ಟಲ್ಲೇ ಕರಗುತ್ತದೆ. ಆ ದಿನಗಳಲ್ಲಿ ಕೀಲಿ ತೆಗೆದು ಹಾಕಿ, ತೆಗೆದು ಹಾಕಿ ನನ್ನ ಕೈ ಸೋತಿತು. ಆದರೂ ನಗುತ್ತಲೇ ತೆಗೆದೆ.

ಮದುವೆಯ ಮನೆಯಲ್ಲಿ ಬೀಗರ ಮುಂದೆ ಹೊಸ ಸೀರೆ ಉಟ್ಟು ಅಲ್ಲಾಡದೆ ಕೂರುತ್ತಾರಲ್ಲ, ಹಾಗೆ ನನ್ನ ಬಾಯಿಗೂ ಒಂದು ಹೊಸ ಸೀರೆ ಉಡಿಸಿ ಕೂಡಿಸಿದೆ. ಕೋಳಿ ಅಡುಗೆಮನೆಗೆ ನುಗ್ಗಿದರೆ "ಹೊರಗ ಹೋಗವ್ವ" ಎಂದೆ. ಅದು ಹೋಗಲಿಲ್ಲ, ಅದರ ಮಾತು ಬೇರೆ. ಗಂಡ ಹೊಲದಿಂದ ಬಂದಾಗ, ದಿನದ ಹಾಗೆ "ಆರಿ ಕಲ್ಲಾಗೈತಿ, ತಿಂತೀರೋ ಎತ್ತಿಡ್ಲೋ" ಎನ್ನದೆ, "ಕೈಕಾಲು ತೊಕ್ಕೊಂಡು ಊಟಕ್ಕ ಬರ್ರಿ" ಎಂದೆ. ಅವರು ಹಿಂದೆ ತಿರುಗಿ, ಬೇರೆ ಯಾರಾದರೂ ಬಂದಿದ್ದಾರೇನೋ ಎಂದು ನೋಡಿದರು. ಯಾರೂ ಇರಲಿಲ್ಲ. ಮೆಲ್ಲಗೆ ತಮ್ಮ ತಾಯಿಯ ಹತ್ತಿರ ಹೋಗಿ, "ಯವ್ವಾ, ಈಕೀಗೆ ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದರು. ನನ್ನ ಅತ್ತೆ ಬೀಸುವ ಕಲ್ಲಿಗೆ ಜೋಳ ಹಾಕುತ್ತ, "ಆರಾಮ ಅದಾಳ. ಸಂಸ್ಕೃತಿ ಬಂದೈತಿ," ಎಂದರು.

ಅಕ್ಕಾರು ನಮ್ಮನ್ನು ಅಭ್ಯಾಸ ಮಾಡುತ್ತಿದ್ದರೆ ನಮ್ಮ ಓಣಿಯ ಹೆಂಗಸರೂ ಅವಳನ್ನು ಬಿಟ್ಟಿರಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಕಟ್ಟೆಯ ಮೇಲೆ ಸಭೆ ಸೇರುತ್ತಿತ್ತು. ಗಡಿಯಾರದ ಗಂಗವ್ವ ಮುಂದಾಳು. ಅಕ್ಕಾರು ತನ್ನ ಮನೆಯನ್ನು ಬಿಟ್ಟು ನನ್ನ ಮನೆಗೆ ಬಂದಳೆಂಬ ಸಂಕಟ ಅವಳಿಗಿತ್ತು. "ಉಳ್ಳಾಗಡ್ಡಿ ಹಸೀದು ತಿನ್ನಂಗಿಲ್ಲ ಆಕಿ. ನೀರು ಕೊಟ್ರ 'ಥ್ಯಾಂಕ್ಸ್' ಅಂತಾಳ, ಅಲ್ಲಿಗೆ ನೀರಿನ ಋಣಾ ಹರೀತು ಅಂದಂಗ," ಎಂದಳು. ಇನ್ನೊಬ್ಬಳು, "ಹೊತ್ತು ಮುಣುಗಿದ ಮ್ಯಾಲೂ ಕಸಾ ಹೊಡಿತಾಳ, ಯಾರೂ ಕಲಿಸಿಲ್ಲ ಕಾಣ್ತೈತಿ, ಪಾಪ," ಎಂದಳು. ಎಲ್ಲ ಕೂಡಿಸಿ ನೋಡಿದರೆ ಮೈಸೂರಿನ ಕಡೆ ಸಂಸ್ಕೃತಿ ಸ್ವಲ್ಪ ಕಡಿಮೆಯೇ, ಹುಡುಗಿ ಮಾತ್ರ ಒಳ್ಳೆಯವಳು ಎಂದು ತೀರ್ಮಾನವಾಯಿತು. ಅವಳು ನಮ್ಮ ಬಗ್ಗೆ ಬರೆದ ಪುಸ್ತಕದಲ್ಲಿ ಏನು ತೀರ್ಮಾನ ಮಾಡಿದಳೋ ನನಗೆ ಗೊತ್ತಿಲ್ಲ. ಇದಕ್ಕಿಂತ ಬೇರೆಯಾಗಿ ಇರಲಾರದು.

ತೊಂದರೆ ಬಂದದ್ದು ಚಂದ್ರಿಯಿಂದ. ಚಂದ್ರಿ ನನ್ನ ಎಮ್ಮೆ. ನಮ್ಮ ಎಮ್ಮೆ ಎನ್ನಲಿಲ್ಲ, ನನ್ನ ಎಮ್ಮೆ ಎಂದೆ, ಗಮನಿಸಬೇಕು. ಯಲಬುರ್ಗಾ ಕಡೆಯ ನನ್ನ ತವರಿನಿಂದ ನನ್ನ ಅವ್ವ ಕೊಟ್ಟ ಕರು ಅದು. ಹಣೆಯ ಮೇಲೆ ಬಿಳಿ ಚುಕ್ಕೆ. ಅದನ್ನು ನಾನೇ ಹಗ್ಗ ಹಿಡಿದು ನಡೆಸಿಕೊಂಡು ಬಂದಿದ್ದೆ. ಅವ್ವ ಹೋದ ಮೇಲೆ ತವರಿನದು ಎಂದು ಹೇಳಿಕೊಳ್ಳಲು ನನಗೆ ಉಳಿದದ್ದು ಚಂದ್ರಿ ಒಂದೇ. ನಮ್ಮ ಕಡೆಯ ಮನೆಗಳಲ್ಲಿ ಬಾಗಿಲು ದಾಟಿದರೆ ಕೆಳಗೆ ದನ ಕಟ್ಟುವ ಜಾಗ, ಎತ್ತರದ ಪಡಸಾಲೆಯಲ್ಲಿ ಮನುಷ್ಯರು. ನಡುವೆ ಗೋಡೆ ಇಲ್ಲ. ನಾವು ಆಡಿದ್ದು ಎಮ್ಮೆಗೆ ಕೇಳುತ್ತದೆ, ಅದು ಉಸಿರು ಬಿಟ್ಟರೆ ನಮಗೆ ಕೇಳುತ್ತದೆ. ಚಂದ್ರಿ ಮೊದಲ ಸಲ ಈದ ದಿನದಿಂದ ಅದರ ಕೆಚ್ಚಲಿಗೆ ನನ್ನ ಕೈ, ಅದರ ಕಿವಿಗೆ ನನ್ನ ಬಾಯಿ. ಅತ್ತೆ ಮೇಲೆ ಕೂತು ಬೀಸುತ್ತ ಪದ ಹೇಳುತ್ತಿದ್ದರು, ನಾನು ಕೆಳಗೆ ಕೂತು ಹಿಂಡುತ್ತ ಬೈಯುತ್ತಿದ್ದೆ. ಮನೆಯಲ್ಲಿ ಬೆಳಕು ಹರಿಯುತ್ತಿದ್ದದ್ದು ಹಾಗೆ.

ಅಕ್ಕಾರು ಬಂದ ಮರುದಿನ ನಾನು ಚರಿಗೆ ಹಿಡಿದು ಕೂತು, "ಹಾಲು ಕೊಡವ್ವ ಚಂದ್ರಿ," ಎಂದೆ. ಚಂದ್ರಿ ಮೆಲುಕು ನಿಲ್ಲಿಸಿತು. ಕತ್ತು ಹೊರಳಿಸಿ ನನ್ನನ್ನು ನೋಡಿತು. ಯಾರೋ ದಾರಿಹೋಕರು ಮನೆಯೊಳಗೆ ಬಂದು ಕೂತರೆ ನಾವು ನೋಡುವುದಿಲ್ಲವೇ, ಹಾಗೆ. ಹಾಲು ಅರ್ಧಕ್ಕಿಳಿಯಿತು. ಆಮೇಲೆ ಚರಿಗೆಯ ತಳ ಮುಚ್ಚುವಷ್ಟು. ಆಮೇಲೆ ಅದೂ ಇಲ್ಲ. ಕೆಚ್ಚಲು ತುಂಬಿರುತ್ತಿತ್ತು, ಇಳಿಸುತ್ತಿರಲಿಲ್ಲ. ನಾನು ಹತ್ತಿಕಾಳು ನೆನೆಸಿ ಇಟ್ಟೆ. ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದೆ. ಹೇಮಗುಡ್ಡದ ದುರ್ಗಮ್ಮನಿಗೆ ಕಾಯಿ ಬೇಡಿಕೊಂಡೆ. ದನದ ಔಷಧಿ ಕೊಡುವವನು ಬಂದು, ಕೆಚ್ಚಲು ಮುಟ್ಟಿ, "ಹಾಲು ಐತಿ. ಕೊಡೋ ಮನಸ್ಸಿಲ್ಲ," ಎಂದು ಚಹಾ ಕುಡಿದು ಹೋದ. ಅದು ಕೊಡದಷ್ಟೂ ನಾನು ಇನ್ನೂ ಮೆತ್ತಗೆ ಮಾತಾಡಿದೆ. "ನನ್ನವ್ವ, ನನ್ನ ಮಗಳ, ನನ್ನ ಬಂಗಾರ," ಎಂದು ಅದರ ಕುತ್ತಿಗೆ ಸವರಿದೆ. ಚಂದ್ರಿ ಹೆದರಿ ಗೂಟದ ಸುತ್ತ ತಿರುಗಿತು. ಪಡಸಾಲೆಯ ಅಂಚಿನಲ್ಲಿ ಕೂತಿದ್ದ ಅಕ್ಕಾರು, "ಪ್ರಾಣಿಗಳ ಜೊತೆ ಎಷ್ಟು ಅಕ್ಕರೆ ಅಮ್ಮ ನಿಮಗೆ," ಎಂದಳು. ನಾನು ನಾಚಿಕೊಂಡೆ. ನನ್ನ ಸಂಸ್ಕೃತಿ ಅವಳಿಗೆ ಕಾಣಿಸಿತಲ್ಲ ಎಂದು ಖುಷಿಯೂ ಆಯಿತು.

ಗಂಡನಿಗೆ ಖುಷಿಯಾಗಲಿಲ್ಲ. "ತಿನ್ನೋದು ಕಮ್ಮಿ ಆಗಿಲ್ಲ, ಕೊಡೋದು ನಿಂತೈತಿ. ಮೇವಿನ ಬಣಮಿ ಕರಗಾಕತ್ತೈತಿ. ಈ ಸಂತಿಗೆ ಕನಕಗಿರಿಗೆ ಹೊಡಕೊಂಡು ಹೋಗ್ತೀನಿ," ಎಂದರು.

"ಅದು ನನ್ನ ತವರಿಂದು," ಎಂದೆ.

"ತವರಿಂದು ಅಂತ ಬಣಮಿ ಬಿಟ್ಟು ಗಾಳಿ ತಿಂತೈತೇನು? ಹಾಲು ಕೊಟ್ರ ಇರ್ತೈತಿ. ಇಲ್ಲಂದ್ರ ಇಲ್ಲ."

ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನು ಕೊಡುತ್ತಿದ್ದ ಉತ್ತರ ಊರ ಅಗಸಿಯ ಬಾಗಿಲತನಕ ಕೇಳುತ್ತಿತ್ತು. ಅಕ್ಕಾರು ಅಲ್ಲೇ ಇದ್ದಳು. "ನೀವು ಹೇಳಿದಂಗ ಆಗ್ಲಿರಿ," ಎಂದುಬಿಟ್ಟೆ. ನನ್ನ ಬಾಯಿಂದ ಈ ಮಾತು ಹೇಗೆ ಬಂತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವ್ವ ಕೊಟ್ಟ ಎಮ್ಮೆಯನ್ನು ಒಂದು ಒಳ್ಳೆಯ ಮಾತಿಗಾಗಿ ಕೊಟ್ಟುಬಿಟ್ಟೆ. ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಬೈಯಲು ಬಾರದಿದ್ದರೆ ಅಳು ಬರುತ್ತದೆ ಎಂಬುದನ್ನು ಆಗ ಕಲಿತೆ. ಅಲ್ಲಿಯತನಕ ನನಗೆ ಅದರ ಅಗತ್ಯ ಬಿದ್ದಿರಲಿಲ್ಲ.

ಸಂತೆಯ ದಿನ ಬೆಳಗಾಯಿತು. ಅತ್ತೆ ಬೀಸಲು ಕೂತಿದ್ದರು. ಅಕ್ಕಾರು ಟೇಪನ್ನು ಕಲ್ಲಿನ ಪಕ್ಕ ಇಟ್ಟು ಗುಂಡಿ ಒತ್ತಿದಳು. ಅತ್ತೆ ಕಣ್ಣು ಮುಚ್ಚಿ, ದೇವರ ಹೆಸರು ಎತ್ತಿ, ಪದ ಶುರುಮಾಡಿದರು. ಗಂಡ ತಲೆಗೆ ಪಟಗ ಸುತ್ತಿಕೊಂಡು, ಕೈಯಲ್ಲಿ ಬಾರುಕೋಲು ಹಿಡಿದು ಬಾಗಿಲಲ್ಲಿ ನಿಂತರು. ನಾನೇ ಹಗ್ಗ ಬಿಚ್ಚಿ ಕೊಡುತ್ತೇನೆ ಎಂದು ಇಳಿದೆ. ಕೊನೆಯ ಸಲ ಅದರ ಹಣೆಯ ಚುಕ್ಕೆ ಮುಟ್ಟಿ, "ಹೋಗಿ ಬಾರವ್ವ," ಎಂದೆ. ಚಂದ್ರಿ ಮೈ ಕೊಡವಿ, ಮುಂದಿನ ಕಾಲನ್ನು ಎತ್ತಿ, ನನ್ನ ಪಾದದ ಮೇಲೆ ಪೂರಾ ಭಾರ ಬಿಟ್ಟು ನಿಂತಿತು.

ಎಮ್ಮೆಯ ಗೊರಸು ಪಾದದ ಮೇಲೆ ಕೂತಾಗ ಮನುಷ್ಯನಿಗೆ ಸಂಸ್ಕೃತಿ ನೆನಪಿರುವುದಿಲ್ಲ. ನೆನಪಿದ್ದರೆ ಅಂಥವರ ಪಾದವನ್ನು ನಾನು ಮುಟ್ಟಿ ನಮಸ್ಕಾರ ಮಾಡುತ್ತೇನೆ. ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಮ್ಮೆಗೇ ಬಂತು. "ನಿನ್ನ ಮಾರಿ ಸುಡ್ಲಿ, ನಿನ್ನ ಕೊಂಬು ಮುರೀಲಿ, ತಿನ್ನಾಕ ಹೊರಿಗಟ್ಟಲೆ ಬೇಕು, ಕೊಡಾಕ ಹನಿ ಇಲ್ಲ. ಕಟ್ಟಿದ ಗೂಟಕ್ಕ ಕಳಾ ಇಲ್ಲದಾಕಿ, ಹೊತ್ತೇರಿದ ಮ್ಯಾಲ ಏಳಾಕಿ, ನಿನ್ನ ತವರಿನವರು ಏನ ಕಲಿಸಿ ಕಳಿಸ್ಯಾರ..."

ಚಂದ್ರಿ ಕಾಲು ತೆಗೆಯಿತು. ಕಿವಿ ನೆಟ್ಟಗೆ ಮಾಡಿತು. ಒಂದು ದೊಡ್ಡ ಉಸಿರು ಬಿಟ್ಟು, ಊರಿಗೆ ಹೋದವರು ಮನೆಗೆ ಬಂದಾಗ ನಿಲ್ಲುವ ಹಾಗೆ ಸಮಾಧಾನದಿಂದ ನಿಂತಿತು. ಕೆಚ್ಚಲಿನಿಂದ ಹಾಲು ತಾನೇ ತೊಟ್ಟಿಕ್ಕತೊಡಗಿತು.

ಅದನ್ನು ಮೊದಲು ಕಂಡವರು ಗಂಡ. ಮದುವೆಯಾದಂದಿನಿಂದ "ಬಾಯಿ ಮುಚ್ಚು" ಎಂಬ ಒಂದೇ ಮಾತನ್ನು ನನಗೆ ಹೇಳುತ್ತ ಬಂದ ಮನುಷ್ಯ ಬಾರುಕೋಲು ಒಗೆದು, ಚರಿಗೆ ತಂದು ನನ್ನ ಕೈಗಿಟ್ಟು, "ನಿಲ್ಲಸಬ್ಯಾಡ. ಬೈ, ಬೈ," ಎಂದರು. ನಾನು ಕೂತು ಹಿಂಡಿದೆ. ಹಿಂಡುತ್ತ ಬೈದೆ. ಪಾದ ಉರಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಹಾಲು ಚರಿಗೆಯಲ್ಲಿ ನೊರೆ ಏಳುತ್ತಿತ್ತು. ಮೇಲೆ ಅತ್ತೆ ಕಲ್ಲು ನಿಲ್ಲಿಸಲಿಲ್ಲ. ಇನ್ನೂ ಬಿರುಸಾಗಿ ತಿರುಗಿಸಿದರು. ಅವರ ದೇವರ ಪದ ಒಂದು ಸಾಲು, ನನ್ನದೊಂದು ಸಾಲು. ಇನ್ನೂ ಹಾಲು ಇತ್ತು, ನನ್ನ ಬೈಗುಳ ತೀರುತ್ತ ಬಂತು. ಗಂಡ, "ಮುಂದ, ಮುಂದ," ಎಂದರು. ಒಳಗಿನ ಮೂಲೆಯಲ್ಲಿ ಇಟ್ಟಿದ್ದನ್ನೂ ತೆಗೆದೆ. "ಎಣ್ಣಿ ಗಡಿಗಿ ಮುಚ್ಚಿಟ್ಟು ಒಣರೊಟ್ಟಿ ಹಾಕಾಕಿ, ಮಗ ಬಂದ್ರ ನರಳಾಕಿ, ಮಗ ಹೋದ್ರ ಜಿಗಿದಾಡಾಕಿ..." ಹಾಲು ಮುಗಿಯಿತು. ಪದವೂ ಮುಗಿಯಿತು. ಆಗ ನನಗೆ ಅಕ್ಕಾರು ಇರುವುದು ನೆನಪಾಯಿತು.

ಅವಳು ಪಡಸಾಲೆಯ ಅಂಚಿನಲ್ಲಿ ಬಗ್ಗಿ ನಿಂತಿದ್ದಳು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ನನ್ನ ಮಾನ ಹೋಯಿತು ಎಂದು ನಾನು ಚರಿಗೆಯ ಮೇಲೆ ಸೆರಗು ಮುಚ್ಚಿದೆ. ಯಾಕೆ ಮುಚ್ಚಿದೆನೋ, ಮುಚ್ಚಬೇಕಾದದ್ದು ಬೇರೆ ಇತ್ತು. ಅವಳು ಮಾತ್ರ, "ಅಮ್ಮಾ, ಎಮ್ಮೆಗೆ ತವರಿನವರು ಏನು ಕಲಿಸಿ ಕಳಿಸಬೇಕಿತ್ತು?" ಎಂದು ಕೇಳಿದಳು.

ನಾನು ಚಂದ್ರಿಯ ಹಗ್ಗದ ಗಂಟನ್ನು ಬಿಗಿ ಮಾಡತೊಡಗಿದೆ.

"ಮತ್ತೆ ಆ ಎಣ್ಣೆ ಗಡಿಗೆ? ಎಮ್ಮೆ ಅದನ್ನ ಯಾಕೆ ಮುಚ್ಚಿಡುತ್ತೆ?"

ಅತ್ತೆ ಹಿಟ್ಟು ಬಳಿಯುತ್ತ ಹೇಳಿದರು: "ಮೊದಲನೇವು ನನ್ನವು ತಂಗಿ. ಈಕಿ ಮದಿವ್ಯಾಗಿ ಹೊಸದಾಗಿ ನಡೀಲಿಕ್ಕೆ ಬಂದಾಗ ನಾ ಈಕೀಗೆ ಬೈದವು. ಕಡೀವು ಈಕಿವು. ಈಕಿ ನನಗ ಬೈದವು. ನಡುವ ಎಮ್ಮಿ ನಿಂತೈತಿ, ಅಷ್ಟ."

ನನಗೆ ಚರಿಗೆಯೊಳಗೇ ಮುಖ ಹಾಕಬೇಕೆನಿಸಿತು. ಎಮ್ಮೆಯ ಕಿವಿಗೆಂದು ನಾನು ಗೊಣಗಿದ್ದೆಲ್ಲ ಮೇಲೆ ಕೂತವರಿಗೆ ಅಷ್ಟು ವರ್ಷ ಕೇಳುತ್ತಲೇ ಇತ್ತು.

"ನಿಮಗೆ ಬೇಜಾರಾಗಲಿಲ್ವಾ ಅಜ್ಜಿ?" ಎಂದಳು ಅಕ್ಕಾರು.

"ಹಾಲು ಬರ್ತಿತ್ತಲ್ಲ," ಎಂದರು ಅತ್ತೆ. ಕಲ್ಲಿನ ಮೇಲೆ ಉಳಿದ ಹಿಟ್ಟನ್ನು ಒರೆಸಿ, "ನಮ್ಮತ್ತಿಗೆ ನಾ ಬೆಕ್ಕಿನ ಮ್ಯಾಲ ಹಾಕಿ ಬೈತಿದ್ದೆ. ಆವಾಗ ಬಡತನ. ಎಮ್ಮಿ ಇರಲಿಲ್ಲ," ಎಂದರು.

ಅಕ್ಕಾರು ಟೇಪನ್ನು ಹಿಂದಕ್ಕೆ ತಿರುಗಿಸಿ ನಮಗೆ ಕೇಳಿಸಿದಳು. ಪೆಟ್ಟಿಗೆಯೊಳಗೆ ಕಲ್ಲಿನ ಸದ್ದು, ದೇವರ ಪದ, ಅದರ ನಡುವೆ ಯಾರೋ ಅರಚುವ ದನಿ. ನಾನು ಗಂಡನನ್ನು ನೋಡಿ, "ಇದು ಅತ್ತಿ ದನಿ ಅಲ್ಲೇನ್ರಿ?" ಎಂದೆ. "ಅವ್ವ ಪದಾ ಹೇಳಾಕತ್ತಾಳ. ಬೈಯಾಕತ್ತಿದಾಕಿ ನೀನು," ಎಂದರು ಅವರು. ಎರಡು ದನಿ ಬೇರೆ ಮಾಡಲು ನನ್ನಿಂದ ಆಗಲಿಲ್ಲ. ಪೆಟ್ಟಿಗೆ ಮುಚ್ಚುತ್ತ ಅಕ್ಕಾರು, ಇಷ್ಟು ದಿನ ತಾನು ಕಾದದ್ದು ಇದಕ್ಕೇ ಎಂದಳು. ಹಾಗಾದರೆ ನಾನು ಅಷ್ಟು ದಿನ ಕಷ್ಟಪಟ್ಟು ಇಟ್ಟುಕೊಂಡದ್ದು ಏನು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಇನ್ನೊಂದು ಚಹಾ ಕೇಳಿದಳು. ಸಕ್ಕರೆ ಡಬ್ಬಿಗೂ ಎರಡು ಮಾತು ಬೈದು ಕೀಲಿ ತೆಗೆದೆ. ಕೈ ಹಗುರಾಗಿತ್ತು.

ಚಂದ್ರಿ ಸಂತೆಗೆ ಹೋಗಲಿಲ್ಲ. ಮುದಿಯಾಗಿ ನಮ್ಮ ಗೂಟದಲ್ಲೇ ಹೋಯಿತು. ಅತ್ತೆಯೂ ಹೋದರು. ಈಗ ಚಂದ್ರಿಯ ಮಗಳು ನಿಂತಿದೆ. ಕರುವಾಗಿದ್ದಾಗ ತಾಯಿಯ ಪಕ್ಕದಲ್ಲಿ ಕಟ್ಟಿ ಎಲ್ಲ ಕೇಳಿಸಿದ್ದರ ಫಲ, ಅದಕ್ಕೂ ಬೈದರೇ ಹಾಲು. ನನಗೆ ಮೊಣಕಾಲು ಬಗ್ಗುವುದಿಲ್ಲವಾದ್ದರಿಂದ ಹಿಂಡುವ ಕೆಲಸ ಸೊಸೆ ಶಾರದೆಗೆ ಬಂತು. ಅವಳು ಗಂಗಾವತಿಯವಳು, ಹತ್ತನೆಯ ಕ್ಲಾಸು ಪಾಸಾದವಳು. ಬಂದ ಹೊಸದರಲ್ಲಿ, "ನನಗ ಬೈಯಾಕ ಬರೂದಿಲ್ಲ ಅತ್ತಿ. ನಮ್ಮ ಮನ್ಯಾಗ ಯಾರೂ ಹಂಗ ಮಾತಾಡೂದಿಲ್ಲ," ಎಂದಳು. ನಾನು ಪಡಸಾಲೆಯ ಅಂಚಿನಲ್ಲಿ ಕೂತು ಒಂದೊಂದೇ ಸಾಲು ಹೇಳಿಕೊಟ್ಟೆ. ಅವಳು ಸಾಲೆಯ ಪದ್ಯ ಒಪ್ಪಿಸುವ ಹಾಗೆ ತಲೆ ತಗ್ಗಿಸಿ ಹೇಳುತ್ತಿದ್ದಳು. ಎಮ್ಮೆ ಅಷ್ಟಿಷ್ಟು ಕೊಡುತ್ತಿತ್ತು. ವರ್ಷ ಕಳೆಯುವುದರಲ್ಲಿ ಚರಿಗೆ ತುಂಬತೊಡಗಿತು. ನನಗೆ ಎದುರಾಗಿ ಶಾರದೆ ಇವತ್ತಿನತನಕ ಒಂದು ಮಾತು ಆಡಿಲ್ಲ. "ಕುಂದರ್ರಿ ಅತ್ತಿ, ನೀವ್ಯಾಕ ಏಳ್ತೀರಿ," ಎನ್ನುತ್ತಾಳೆ. ಅವಳ ಹಾಗೆ ಸಂಸ್ಕೃತಿ ಇರುವ ಸೊಸೆ ಈ ಓಣಿಯಲ್ಲಿ ಇಲ್ಲ ಎಂದು ಗಂಗವ್ವನ ಮುಂದೆ ಎಷ್ಟು ಸಲ ಹೇಳಿದ್ದೇನೋ.

ಹೋದ ವಾರ ಒಂದು ಬೆಳಿಗ್ಗೆ ಸ್ವಲ್ಪ ಬೇಗ ಎಚ್ಚರವಾಯಿತು. ಹಾಸಿಗೆಯಲ್ಲೇ ಮಲಗಿ, ಕೆಳಗೆ ಶಾರದೆ ಹಿಂಡುವುದನ್ನು ಕೇಳು‍ತ್ತಿದ್ದೆ. ಮೊದಲು ನನ್ನ ಅತ್ತೆಯ ಸಾಲುಗಳು ಬಂದವು, ತವರಿನದೂ ಬಂತು. ಆಮೇಲೆ ನನ್ನ ಸಾಲು, ಎಣ್ಣೆ ಗಡಿಗೆಯದು. ಹುಡುಗಿ ಚೆನ್ನಾಗಿ ಕಲಿತಿದ್ದಾಳೆ ಎಂದುಕೊಂಡೆ. ಆಮೇಲೆ ನಾನು ಕಲಿಸದ ಒಂದು ಸಾಲು ಬಂತು, ದನಿ ಸ್ವಲ್ಪ ತಗ್ಗಿಸಿ: "ಸಕ್ರಿ ಡಬ್ಬಿಗೆ ಕೀಲಿ ಜಡದು ಕೀಲಿಕೈ ಸ್ವಾಂಟಕ್ಕ ಸಿಕ್ಕಿಸಿಕೊಂಡು ಕುಂದ್ರಾಕಿ, ಹೊತ್ತು ಮುಣುಗುತನಕ ಓಣ್ಯಾಗ ಸೊಸಿನ್ನ ಹೊಗಳಾಕಿ, ಮೊಮ್ಮಗಳು ಕೈ ಚಾಚಿದ್ರ ಇರುವಿ ಪಾಲು ಕೊಡಾಕಿ..." ಹಾಲು ಚರಿಗೆಗೆ ಬೀಳುವ ಸದ್ದು ಜೋರಾಯಿತು.

ನಾನು ಸೊಂಟ ಮುಟ್ಟಿ ನೋಡಿಕೊಂಡೆ. ಕೀಲಿಕೈ ಅಲ್ಲೇ ಇತ್ತು. ಬಹಳ ಯೋಚನೆ ಮಾಡಿ ಅದನ್ನು ತೆಗೆದು ಅಡುಗೆಮನೆಯ ಗೂಟಕ್ಕೆ ನೇತುಹಾಕಿದೆ. ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು. ಶಾರದೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಚಹಾಕ್ಕೆ ಒಂದು ಚಮಚ ಹೆಚ್ಚಿಗೆ ಸಕ್ಕರೆ ಹಾಕಿ ತಂದುಕೊಟ್ಟಳು. ಮರುದಿನ ಎಮ್ಮೆ ಅರ್ಧ ಚರಿಗೆಯೂ ಕೊಡಲಿಲ್ಲ. ಅದರ ಮರುದಿನ ಇನ್ನೂ ಕಡಿಮೆ. ಮೊಮ್ಮಗಳು ಹಾಲಿಲ್ಲವೆಂದು ಅಳುತ್ತ ಸಾಲೆಗೆ ಹೋದಳು.

ಆ ಸಂಜೆ ಗೂಟದಿಂದ ಕೀಲಿಕೈ ತೆಗೆದು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹಾಲು ಬರುತ್ತಿದೆ.